ಭೌತಶಾಸ್ತ್ರಕ್ಕೆ ಮೇಷ್ಟ್ರು ಬಂದ ಬಗೆ

ಹುದ್ದೆಗಳು ಯೋಗ್ಯತೆಯಿಂದ ಬರುತ್ತವೆ ಎಂದು ನಂಬಿದವರಿಗೆ ಮೊದಲೇ ಹೇಳಿಬಿಡುತ್ತೇನೆ, ನಾನು ಪ್ರಾಂಶುಪಾಲನಾದದ್ದು ಬೇರೆಯವರ ರಕ್ತದೊತ್ತಡದಿಂದ. ತೊಂಬತ್ತರ ದಶಕದ ನಡುವೆ, ಕುಂದಲಹಳ್ಳಿಯಿಂದ ಸ್ವಲ್ಪ ಆಚೆ ಇದ್ದ ನಮ್ಮ ಸರ್ಕಾರಿ ಪದವಿ ಕಾಲೇಜಿನ ಪ್ರಾಂಶುಪಾಲರು ನಿವೃತ್ತರಾದರು. ಅವರ ಜಾಗಕ್ಕೆ ಇಲಾಖೆ ಯಾರನ್ನೂ ಕಳಿಸಲಿಲ್ಲ. ಸೇವೆಯಲ್ಲಿ ಹಿರಿಯರಾದ ಇತಿಹಾಸದ ಮೇಷ್ಟ್ರು ರಕ್ತದೊತ್ತಡವೆಂದು ಡಾಕ್ಟರ ಸರ್ಟಿಫಿಕೇಟು ತಂದು ರಜೆ ಹಾಕಿದರು. ಅವರ ನಂತರದ ಅರ್ಥಶಾಸ್ತ್ರದವರು ಅದೇ ಡಾಕ್ಟರ ಹತ್ತಿರ ಹೋದರು. ಮೂರನೆಯವನು ನಾನು, ಕನ್ನಡದ ಮೇಷ್ಟ್ರು. ನನಗೆ ಆ ಡಾಕ್ಟರ ವಿಳಾಸ ಗೊತ್ತಿರಲಿಲ್ಲ. ಹೀಗೆ ಪ್ರಭಾರ ಪ್ರಾಂಶುಪಾಲನಾದೆ. ದಾವಣಗೆರೆಯಲ್ಲಿ ನಮ್ಮ ತಾಯಿ ಬೀದಿಗೆಲ್ಲ ಪೇಡೆ ಹಂಚಿದರಂತೆ. ‘ಪ್ರಭಾರ’ ಎಂದರೇನೆಂದು ನಾನು ಆಕೆಗೆ ಬಿಡಿಸಿ ಹೇಳಲು ಹೋಗಲಿಲ್ಲ.

ಸರ್ಕಾರಿ ಕಾಲೇಜಿಗೆ ಯಜಮಾನರು ಒಬ್ಬರಲ್ಲ ಎಂಬುದು ಆ ಕುರ್ಚಿಯಲ್ಲಿ ಕೂತ ಮೇಲೆ ತಿಳಿಯಿತು. ಹುದ್ದೆ, ಸಂಬಳ ಇಲಾಖೆಯದು. ಪಾಠ, ಪರೀಕ್ಷೆ ವಿಶ್ವವಿದ್ಯಾಲಯದ್ದು. ಸೋರುವ ಸೂರು ಲೋಕೋಪಯೋಗಿಯವರದು. ಅಭಿವೃದ್ಧಿ ಸಮಿತಿಗೆ ಶಾಸಕರು ಅಧ್ಯಕ್ಷರು. ಬೈಸಿಕೊಳ್ಳುವ ಕೆಲಸವೊಂದು ನನ್ನ ಪಾಲಿಗೆ ಉಳಿದಿತ್ತು. ನಮ್ಮ ಬಿ.ಎಸ್ಸಿ. ತರಗತಿಗೆ ಭೌತಶಾಸ್ತ್ರದ ಅಧ್ಯಾಪಕರೇ ಇರಲಿಲ್ಲ, ಇದ್ದವರಿಗೆ ಹುದ್ದೆಯ ಸಮೇತ ವರ್ಗವಾಗಿತ್ತು. ಇಲಾಖೆಗೆ ಬರೆದೆ. ವಿಶ್ವವಿದ್ಯಾಲಯದ ಮಾನ್ಯತೆ ಕಾಯಂ ಆದ ಮೇಲೆ ಹುದ್ದೆಯ ವಿಷಯ ಪರಿಶೀಲಿಸಲಾಗುವುದು ಎಂದರು. ವಿಶ್ವವಿದ್ಯಾಲಯಕ್ಕೆ ಬರೆದೆ. ಅಧ್ಯಾಪಕರು ಬಂದ ಮೇಲೆ ಮಾನ್ಯತೆಯ ವಿಷಯ ಪರಿಶೀಲಿಸಲಾಗುವುದು ಎಂದರು. ಎರಡೂ ಪತ್ರಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದಿದೆ. ಎರಡರಲ್ಲೂ ವ್ಯಾಕರಣದೋಷ ಇರಲಿಲ್ಲ.

ಅಷ್ಟರಲ್ಲಿ ವಿಶ್ವವಿದ್ಯಾಲಯದ ತಪಾಸಣಾ ಸಮಿತಿ ಬರುತ್ತದೆಂದು ಕಾಗದ ಬಂತು. ಸಮಿತಿ ಒಪ್ಪದಿದ್ದರೆ ಬಿ.ಎಸ್ಸಿ. ಮುಚ್ಚಬೇಕು. ಅಂದಿನಿಂದ ನನಗೆ ಅನ್ನ ಸೇರಲಿಲ್ಲ. ನಾನು ಬಾಡಿಗೆಗಿದ್ದ ಮನೆಯ ಮಾಲೀಕರಾದ ಮುನಿಯಪ್ಪನವರ ಮಗಳು ಮಂಜುಳಾ ಅದೇ ತರಗತಿಯವಳು. ಕಾಗದದ ಸುದ್ದಿ ಅವರಿಗೆ ಹೇಗೋ ಮುಟ್ಟಿತ್ತು. ಬೆಳಿಗ್ಗೆ ನಲ್ಲಿಯ ಹತ್ತಿರ ಹಿಡಿದುಕೊಂಡರು.

“ಕಾಲೇಜು ಮುಚ್ತಾರಂತೆ, ಔದಾ ಮೇಷ್ಟ್ರೇ?”

“ಹಾಗೇನೂ ಇಲ್ಲ, ಸುಮ್ಮನೆ ನೋಡೋಕೆ ಬರ್ತಾರೆ.”

“ಅಂಗೇನಾರ ಆದ್ರೆ ಮುಂಚೇನೇ ಯೋಳ್ಬುಡಿ. ಬಸ್ ಅತ್ತಿಸಿ ಸಿಟಿಗಂತೂ ಕಳ್ಸಾಕಿಲ್ಲ ನಾನು. ಹೊಸಕೋಟೆ ಕಡೆ ಗಂಡಿನೋರು ಕೇಳ್ತಾವ್ರೆ.”

ಬಾಗಿಲ ಮರೆಯಲ್ಲಿ ಮಂಜುಳಾ ನಿಂತಿದ್ದಳು. ನನ್ನ ಕೈಯಲ್ಲಿದ್ದ ಕೊಡ ತುಂಬಿ ಹರಿದು ಕಾಲು ನೆನೆಯುತ್ತಿತ್ತು. ಒಂದು ಹುಡುಗಿಯ ಮದುವೆಯ ದಿನ ನಾನು ಬರೆಯುವ ಕಾಗದಗಳ ಮೇಲೆ ನಿಂತಿದೆ ಎಂದು ಅದುವರೆಗೆ ನನಗೆ ಹೊಳೆದಿರಲಿಲ್ಲ.

ಉಪಾಯ ಹೇಳಿದವರು ನಮ್ಮ ಗುಮಾಸ್ತ ರಾಮಣ್ಣ. “ಫಿಸಿಕ್ಸ್‌ನೋರು ಟ್ರೈನಿಂಗ್‌ಗೆ ಹೋಗಿದಾರೆ ಅಂದ್ಬಿಡಿ ಸಾರ್. ಇಲ್ದೇ ಇರೋರ್ನ ಯಾರು ಹುಡುಕ್ತಾರೆ?” ಮನೆಯಲ್ಲಿ ಈ ವಿಷಯ ಹೇಳಿದಾಗ ಹೆಂಡತಿ ಗಿರಿಜಾ ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ, “ಸುಳ್ಳು ಹೇಳೋದು ನಿಮ್ ಕೈಲಿ ಆಗಲ್ಲ ಬಿಡ್ರಿ, ಕಿವಿ ಕೆಂಪಾಗ್ತಾವೆ” ಎಂದಳು. ಕನ್ನಡಿಯ ಮುಂದೆ ನಿಂತು ಎರಡು ದಿನ ಅಭ್ಯಾಸ ಮಾಡಿದೆ.

ತಪಾಸಣಾ ಸಮಿತಿಯ ಅಧ್ಯಕ್ಷರು ಹಿರಿಯ ಪ್ರಾಧ್ಯಾಪಕರು, ಮಾತು ಕಡಿಮೆ. ಬಂದವರೇ ಕೇಳಿದರು, “ಫಿಸಿಕ್ಸ್ ಯಾರು ತಗೋತಾರೆ?”

“ಟ್ರೈನಿಂಗ್‌ಗೆ ಹೋಗಿದಾರೆ ಸಾರ್.”

“ಹೆಸರು?”

ಹೆಸರನ್ನು ನಾನು ಅಭ್ಯಾಸ ಮಾಡಿರಲಿಲ್ಲ. ಬಾಯಿಗೆ ಬಂದದ್ದು ನನ್ನ ಭಾವಮೈದುನನ ಹೆಸರು. “ಶಿವಕುಮಾರ್” ಎಂದೆ. ಅವನು ಹರಿಹರದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ.

ಅಧ್ಯಕ್ಷರು ತಲೆಯಾಡಿಸಿ ನೇರವಾಗಿ ಎರಡನೆಯ ವರ್ಷದ ಬಿ.ಎಸ್ಸಿ. ಕೊಠಡಿಗೆ ನಡೆದರು. ಅಲ್ಲಿ ಮಂಜುಳಾ ಕಪ್ಪುಹಲಗೆಯ ಮೇಲೆ ಮಸೂರದ ಚಿತ್ರ ಬರೆದು ಹನ್ನೊಂದು ಜನಕ್ಕೆ ಪಾಠ ಹೇಳುತ್ತಿದ್ದಳು. ನಮ್ಮನ್ನು ಕಂಡು ಸೀಮೆಸುಣ್ಣ ಕೆಳಗಿಟ್ಟಳು.

“ಮುಂದುವರಿಸಮ್ಮ” ಎಂದು ಅವರು ಕೊನೆಯ ಬೆಂಚಿನಲ್ಲಿ ಕೂತರು. ಹತ್ತು ನಿಮಿಷ ಕೇಳಿ, “ಶಿವಕುಮಾರ್ ಮೇಷ್ಟ್ರು ಎಲ್ಲೀವರೆಗೂ ಮುಗಿಸಿದಾರೆ?” ಎಂದರು.

“ಅವರ್ಯಾರು ಸಾರ್?” ಎಂದಳು ಮಂಜುಳಾ. “ನಾಲ್ಕು ತಿಂಗ್ಳಿಂದ ನಮಗೆ ಯಾರೂ ಇಲ್ಲ. ಒಂದೊಂದು ಪಾಠ ಒಬ್ಬೊಬ್ರು ಓದ್ಕೊಂಡು ಬಂದು ಹೇಳ್ತೀವಿ. ಬೆಳಕು ನಂದು.”

ನನ್ನ ಕಿವಿ ಆಗ ಯಾವ ಬಣ್ಣಕ್ಕೆ ತಿರುಗಿತೋ ಗೊತ್ತಿಲ್ಲ. ಅಧ್ಯಕ್ಷರು ನನ್ನ ಕಡೆ ನೋಡಲಿಲ್ಲ. ಎದ್ದು ಹೋಗಿ, ಲೆಕ್ಕದಲ್ಲಿ ಅವಳು ತಪ್ಪಾಗಿ ಹಾಕಿದ್ದ ಒಂದು ಋಣಚಿಹ್ನೆಯನ್ನು ತಿದ್ದಿದರು. ಹಾಗೆಯೇ ನಲವತ್ತು ನಿಮಿಷ ಪಾಠ ಮಾಡಿದರು. ಉಳಿದಿಬ್ಬರು ಸದಸ್ಯರು ಹಸಿದು ನಿಂತಿದ್ದರು. ಹೊರಗೆ ಬಂದ ಮೇಲೆ ಅಧ್ಯಕ್ಷರು ಕೈಗೆ ಹತ್ತಿದ ಸುಣ್ಣ ಒರೆಸಿಕೊಳ್ಳುತ್ತ, “ಇಲ್ಲ ಅಂತ ಹೇಳಿದ್ರೆ ಸಾಕಾಗಿತ್ತು ಕಣ್ರೀ” ಎಂದರು. ನನ್ನನ್ನು ಅಷ್ಟು ಮೆಲ್ಲಗೆ ಯಾರೂ ಬೈದಿರಲಿಲ್ಲ. ಇವತ್ತಿಗೂ ಆ ಮಾತು ನೆನೆದರೆ ಮೈ ಹಿಡಿಯಾಗುತ್ತದೆ.

ಅವರು ಒಂದು ವರ್ಷದ ಮಾನ್ಯತೆ ಕೊಟ್ಟರು. ಭೌತಶಾಸ್ತ್ರ ಕಲಿಸುವವರನ್ನು ತಿಂಗಳೊಳಗೆ ಒದಗಿಸಬೇಕೆಂದು ಇಲಾಖೆಗೆ ಕಟುವಾಗಿಯೇ ಬರೆದರು. ಮುನಿಯಪ್ಪ ಹೊಸಕೋಟೆಯವರಿಗೆ ಕಾಯಲು ಹೇಳಿದರು. ಇಲಾಖೆ ಈ ಸಲ ನಿಜವಾಗಿಯೂ ಆದೇಶ ಹೊರಡಿಸಿತು. ಅಧ್ಯಾಪಕರ ಹುದ್ದೆ ಮಂಜೂರಾಗಿರಲಿಲ್ಲ; ಖಾಲಿ ಇದ್ದದ್ದು ಪ್ರಾಂಶುಪಾಲರ ಹುದ್ದೆ. ಆದ್ದರಿಂದ ಭೌತಶಾಸ್ತ್ರ ಓದಿದ ಪ್ರಾಂಶುಪಾಲರೊಬ್ಬರನ್ನು ಕಳಿಸಿದರು. ಒಳ್ಳೆಯವರು; ಬಂದ ದಿನವೇ ತರಗತಿಗೆ ಹೋದರು. ಕಾಲೇಜಿನ ತೊಂದರೆ ತೀರಲು ನಾನು ಆ ಕುರ್ಚಿಯಿಂದ ಎದ್ದು ನಿಂತರೆ ಸಾಕಿತ್ತು ಎಂಬುದು ನನಗೆ ಮೊದಲೇ ಹೊಳೆಯಬೇಕಿತ್ತು.

ಯಾವಾಗ ಬಿಡುಗಡೆಯೋ ಎಂದು ಹಲುಬುತ್ತಿದ್ದವನು ನಾನು. ಪ್ರಭಾರ ಒಪ್ಪಿಸುವ ಕಾಗದಕ್ಕೆ ಸಂತೋಷದಿಂದಲೇ ಸಹಿ ಹಾಕಿದೆ. ಮರುದಿನ ಬೆಳಿಗ್ಗೆ ಮಾತ್ರ ಕಾಲು ತಾನಾಗಿ ಪ್ರಾಂಶುಪಾಲರ ಕೊಠಡಿಗೆ ಹೋಯಿತು. ಒಳಗೆ ಹೊಸಬರು ಕೂತಿದ್ದರು.

“ಏನ್ ಬೇಕಾಗಿತ್ತು ಮೇಷ್ಟ್ರೇ?”

“ಇವತ್ತೊಂದು ದಿನ ರಜೆ ಬೇಕಿತ್ತು ಸಾರ್” ಎಂದುಬಿಟ್ಟೆ.

ಅವರು ತಕ್ಷಣ ಕೊಟ್ಟರು. ಇಷ್ಟು ಬೇಗ ಮನೆಗೆ ಹೋದರೆ ಗಿರಿಜಾಳಿಗೆ ಏನು ಹೇಳುವುದೆಂದು ತಿಳಿಯದೆ, ಸಂಜೆ ನಾಲ್ಕರವರೆಗೆ ಕುಂದಲಹಳ್ಳಿಯ ಬಸ್ ನಿಲ್ದಾಣದಲ್ಲಿ ಕೂತು ಬಸ್ಸುಗಳನ್ನು ಒಂದೊಂದಾಗಿ ಬಿಡುತ್ತಾ ಹೋದೆ.