ನಮ್ಮ ಕಂಪ್ಯೂಟರು ಯಾರನ್ನು ಕೇಳಬೇಕು?

ಯಾರನ್ನೂ ದಾರಿ ಕೇಳದೆ ಮನೆ ಹುಡುಕುವುದು ನನ್ನ ಹೆಮ್ಮೆ. ಬಸ್ಸಿಳಿದು ನಾಲ್ಕು ಬೀದಿ ಸುತ್ತಿದರೂ ಸರಿ, ಅಂಗಡಿಯವನ ಮುಂದೆ ನಿಂತು ‘ಇಂಥವರ ಮನೆ ಎಲ್ಲಿ ಸ್ವಾಮಿ?’ ಅನ್ನುವವನು ನಾನಲ್ಲ. ನನ್ನ ಹೆಂಡತಿ ಜಯಮ್ಮ ಇದನ್ನು ಹೆಮ್ಮೆ ಅನ್ನುವುದಿಲ್ಲ. ಅವಳು ಏನನ್ನುತ್ತಾಳೆ ಅನ್ನುವುದನ್ನು ಇಲ್ಲಿ ಬರೆಯುವುದು ಬೇಡ.

ಈ ಗುಣವನ್ನು ನಾನು ಕಂಪ್ಯೂಟರಿಗೂ ಕಲಿಸಲು ಹೋದೆ. ಕ್ಯಾತನಹಳ್ಳಿಯ ನಮ್ಮ ಮನೆಗೆ ಇಂಟರ್‌ನೆಟ್ ಬಂದ ಹೊಸತು. ಫೋನಿನ ತಂತಿಯನ್ನೇ ಕಂಪ್ಯೂಟರಿಗೆ ಸಿಕ್ಕಿಸಬೇಕು. ಅದು ಮಾತಾಡುವಷ್ಟು ಹೊತ್ತು ಮನೆಯವರು ಮಾತಾಡುವಂತಿಲ್ಲ. ಮೋಡೆಮ್ಮು ಕೀಚಲು ದನಿಯಲ್ಲಿ ಅರಚಿ ಸಂಪರ್ಕವನ್ನೇನೋ ಕೊಡುತ್ತಿತ್ತು. ಆದರೆ ಯಾವ ವೆಬ್‌ಸೈಟಿನ ಹೆಸರು ಹೊಡೆದರೂ ‘ಸಿಗಲಿಲ್ಲ’ ಅನ್ನುವ ಒಂದೇ ರಾಗ. ಕಂಪ್ಯೂಟರಿಗೆ ಹೆಸರು ತಿಳಿಯುವುದಿಲ್ಲವಂತೆ, ನಂಬರೇ ಬೇಕಂತೆ. ಯಾವ ಹೆಸರಿಗೆ ಯಾವ ನಂಬರು ಅಂತ ಅದು ಇನ್ನೊಂದು ಕಂಪ್ಯೂಟರನ್ನು ಕೇಳಬೇಕು. ಯಾರನ್ನು ಕೇಳಬೇಕು ಅನ್ನುವುದನ್ನು ನಾವು ಸೆಟ್ಟಿಂಗಿನಲ್ಲಿ ತುಂಬಿಕೊಡಬೇಕು. ಸಂಪರ್ಕ ಕೊಟ್ಟವರು ಆ ಇನ್ನೊಂದು ಕಂಪ್ಯೂಟರಿನ ನಂಬರನ್ನೂ ಬರೆದುಕೊಟ್ಟಿದ್ದರು. ಇಷ್ಟು ದುಬಾರಿ ಯಂತ್ರ ಕಂಡಕಂಡವರನ್ನು ಕೇಳಿಕೊಂಡು ತಿರುಗುವುದೇ? ಆ ಜಾಗವೊಂದನ್ನು ಖಾಲಿ ಬಿಟ್ಟು ಮಿಕ್ಕಿದ್ದನ್ನೆಲ್ಲ ತಿರುಗಾಮುರುಗಾ ಮಾಡುತ್ತಾ ಕೂತೆ.

ನಾನು ಹಾಗೆ ಕೂತಿದ್ದ ಭಾನುವಾರವೇ ನಾಗಮಂಗಲದಿಂದ ಫೋನು ಬರಬೇಕಿತ್ತು. ನಮ್ಮಲ್ಲೇ ಇದ್ದ ನಾದಿನಿ ಭಾಗ್ಯಳನ್ನು ಕೆ.ಆರ್. ಪೇಟೆಯ ಒಂದು ಮದುವೆಮನೆಯಲ್ಲಿ ನೋಡಿದ್ದ ಗಂಡಿನ ಕಡೆಯವರು, ಒಪ್ಪಿಗೆಯೋ ಅಲ್ಲವೋ ಆ ದಿನ ತಿಳಿಸುತ್ತೇವೆ ಅಂದಿದ್ದರು. ಭಾಗ್ಯಳಿಗಂತೂ ಹುಡುಗ ಹಿಡಿಸಿಬಿಟ್ಟಿದ್ದ.

“ರೀ, ಆ ಫೋನ್ ಬುಡ್ರೀ! ಉಡ್ಗಿ ಬೆಳಗ್ಗಿಂದ ತಿಂಡಿ ಮುಟ್ಟಿಲ್ಲ,” ಅಂದಳು ಜಯಮ್ಮ.

“ಇನ್ನೊಂದೇ ಸಲ ಕಣೇ,” ಅಂದೆ. ಹಾಗನ್ನುತ್ತಲೇ ಮಧ್ಯಾಹ್ನವಾಯಿತು.

ಊಟದ ಹೊತ್ತಿಗೆ ಬಾಗಿಲಲ್ಲಿ ಬೆವರು ಒರೆಸಿಕೊಳ್ಳುತ್ತಾ ಹುಡುಗನ ಸೋದರಮಾವ ನಿಂತಿದ್ದರು. ಒಳಗೆ ಭಾಗ್ಯಳ ಬಳೆ ಸದ್ದು ನಿಂತುಹೋಯಿತು.

“ಏನ್ ಗೌಡ್ರೇ, ಎಷ್ಟೊತ್ಗೆ ಮಾಡುದ್ರೂ ನಿಮ್ ಫೋನು ಎಂಗೇಜು! ಇನ್ಯಾವ್ದೋ ಸಂಬಂದ ಮಾತಾಡ್ತಾವ್ರೆ ಅಂತ ಎದರ್ಕಂಡು ಬಸ್ಸತ್ತಿ ಬಂದ್ಬುಟ್ಟೆ. ಉಡ್ಗಿ ನಮ್ಗೆ ಒಪ್ಗೆ. ಬೇರೆಯವ್ರಿಗೆ ಮಾತು ಕೊಟ್ಬುಟ್ಟಿಲ್ಲ ತಾನೆ?”

“ಇನ್ನೂ ಕೊಟ್ಟಿಲ್ಲ,” ಅಂದೆ ಗಂಭೀರವಾಗಿ. ಒಳಗಿಂದ ಭಾಗ್ಯ ಕಿಸಕ್ಕನೆ ನಕ್ಕಳು.

ಮಜ್ಜಿಗೆ ಕುಡಿದು ಅವರು ಮುಂದುವರಿಸಿದರು: “ಅದ್ಸರಿ, ಚಂದ್ರಶೇಖರು ಅಂತ ನಿಮ್ ಎಸ್ರೇಳುದ್ರೆ ಈ ಊರಲ್ಲಿ ಒಬ್ರಿಗೂ ಗೊತ್ತಿಲ್ವಲ್ಲ! ಟೀ ಅಂಗ್ಡಿಯವ್ನು ಆಲಿನ್ ಡೈರಿಲಿ ಕೇಳಿ ಅಂದ. ಡೈರಿಯವ್ರು, ‘ಓ, ನಮ್ಗೆ ಆಲಾಕೋ ಜಯಮ್ಮಾರ ಯಜಮಾನ್ರಾ’ ಅಂತ ಮನೆ ತೋರ್ಸುದ್ರು.”

ಜಯಮ್ಮ ನನ್ನ ಕಡೆ ನೋಡಿದ ನೋಟವನ್ನು ನಾನು ನೋಡಲಿಲ್ಲ. ಸೀದಾ ಹೋಗಿ ಖಾಲಿ ಬಿಟ್ಟಿದ್ದ ಜಾಗದಲ್ಲಿ ಆ ನಂಬರು ತುಂಬಿದೆ. ನಮ್ಮ ಕಂಪ್ಯೂಟರಿಗೂ ಒಂದು ಡೈರಿ ಸಿಕ್ಕಿತು. ಹೊಡೆದ ಹೆಸರು ಆ ಕ್ಷಣವೇ ತೆರೆದುಕೊಂಡಿತು.

ಮುಂದೆ ಮಾತುಕತೆ ಮುಗಿಸಲು ನಾಗಮಂಗಲಕ್ಕೆ ಹೋದಾಗ ಎಲ್ಲರಿಗಿಂತ ಮುಂದೆ ನಾನೇ ನಡೆದೆ. ಬಾಗಿಲಿಗೆ ತೋರಣ ಕಟ್ಟಿದ್ದ ಮನೆಯವರು ಆದರದಿಂದ ಒಳಗೆ ಕರೆದು ಕೂರಿಸಿದರು. ತಮ್ಮ ಮಗಳನ್ನು ನೋಡಲು ಬರುವ ಬೇರೆ ಯಾರೋ ಗಂಡಿನ ಕಡೆಯವರಿಗಾಗಿ ಅವರು ಕಾದಿದ್ದರಂತೆ. ಹಿಂದೆ ಉಳಿದಿದ್ದ ಜಯಮ್ಮ ಅಲ್ಲಿಯ ಡೈರಿಯಲ್ಲಿ ವಿಚಾರಿಸಿಕೊಂಡು ನನ್ನನ್ನು ಹುಡುಕಿ ಬರುವ ಹೊತ್ತಿಗೆ, ನಾನು ಎರಡನೆಯ ಸಲ ಕೇಸರಿಬಾತು ಹಾಕಿಸಿಕೊಂಡು, ಆ ಹುಡುಗಿಗೆ ಅಡುಗೆ ಬರುತ್ತದೆಯೇ ಅಂತ ಕೇಳಿಯೂ ಆಗಿತ್ತು.