ಹೊಳೆಯಾಚೆಯ ಊರಿಗೆ ಎಷ್ಟು ಅಂಕ?

ಮದುವೆಯಾದ ಹತ್ತೊಂಬತ್ತು ವರ್ಷಗಳಲ್ಲಿ ನನ್ನ ಹೆಂಡತಿ ನನ್ನನ್ನು ಬೈದದ್ದು ಬಹಳ ಕಡಿಮೆ. ಬೈಯುವುದೆಲ್ಲ ನಮ್ಮ ಊರನ್ನು. ನಲ್ಲಿ ನಿಂತರೆ "ನಮ್ಮೂರಲ್ಲಿ ಹೀಗಿಲ್ಲಪ್ಪ". ಬಸ್ಸು ತಡವಾದರೆ "ನಮ್ಮೂರಲ್ಲಿ ಹೀಗಿಲ್ಲಪ್ಪ". ನಾನು ಗೊರಕೆ ಹೊಡೆದರೂ ಅದೇ ಮಾತು. (ಅವಳೂರಿನ ಗಂಡಸರು ಗೊರಕೆ ಹೊಡೆಯುವುದಿಲ್ಲವೆಂದು ಅವಳಿಗೆ ಹೇಗೆ ಗೊತ್ತು ಎಂದು ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.)

ಅವಳೂರೇನು ಸಪ್ತಸಾಗರದ ಆಚೆಗಿಲ್ಲ. ಹೊಳೆ ದಾಟಿದರೆ ಅದೇ. ಬಸ್ಸಿನಲ್ಲಿ ನಲವತ್ತು ನಿಮಿಷ. ಎರಡು ಊರಿಗೂ ತಾತನ ಕಾಲದಿಂದ ಎಣ್ಣೆ ಸೀಗೆಕಾಯಿ ಸಂಬಂಧ. ನಾವು ಗಡಿಯಾರದ ಗೋಪುರ ಕಟ್ಟಿದರೆ ಅವರು ಒಂದಡಿ ಹೆಚ್ಚು ಎತ್ತರದ್ದು ಕಟ್ಟುತ್ತಾರೆ. ಅವರ ಗಡಿಯಾರ ಸರಿಯಾದ ಸಮಯ ತೋರಿಸುತ್ತದೆ ಎಂಬುದೊಂದು ಸಣ್ಣ ವ್ಯತ್ಯಾಸ.

ನಾನು ನಗರ ಕಚೇರಿಯ ದೂರು ವಿಭಾಗದಲ್ಲಿ ಗುಮಾಸ್ತ. ಇಪ್ಪತ್ತೆರಡು ವರ್ಷ ಕಿಟಕಿಯ ಈಚೆ ಕೂತು ಜನರ ದೂರು ಕೇಳಿದವನು, ಮನೆಗೆ ಬಂದ ಮೇಲೆ ನನ್ನ ದೂರು ಶುರು ಮಾಡುತ್ತೇನೆ. ಕಾಫಿ ಬಿಸಿ ಇಲ್ಲ, ಟವೆಲು ಒಣಗಿಲ್ಲ, ಬಾಗಿಲು ಕಿರುಗುಟ್ಟುತ್ತದೆ. ಮನುಷ್ಯ ಅಂದಮೇಲೆ ಎಲ್ಲಾದರೂ ಒಂದು ಕಡೆ ಹಗುರಾಗಬೇಕಲ್ಲ.

ಈ ತಿಂಗಳ ಕೊನೆಗೆ ನಮ್ಮ ಬಾಡಿಗೆ ಮನೆಯ ಕರಾರು ಮುಗಿಯುವುದಿತ್ತು. ಅಷ್ಟರಲ್ಲಿ ಹೊಳೆಯಾಚೆಯಿಂದ ನನ್ನ ಭಾವಮೈದ ಫೋನ್ ಮಾಡಿದ. ಅವನು ಗಡಿಯಾರ ರಿಪೇರಿ ಮಾಡುವವನು, ಒಂಟಿ ಪ್ರಾಣಿ. ಮಹಡಿ ಖಾಲಿ ಇದೆ, ಇಲ್ಲಿಗೇ ಬಂದುಬಿಡಿ ಅಂದ. ನನ್ನವಳು ಆಗಲೇ ಪಾತ್ರೆಗಳನ್ನು ಹಳೇ ಪೇಪರಿನಲ್ಲಿ ಸುತ್ತತೊಡಗಿದಳು. ನನ್ನ ಊರು, ನನ್ನ ಕಿಟಕಿ, ನನ್ನ ಗೊಣಗಾಟ ಎಲ್ಲ ಬಿಟ್ಟು ಆ ಊರಿನಲ್ಲಿ ಬಾಳುವುದೆಂದರೆ ಸೋತೆನೆಂದು ಬೋರ್ಡು ತಗುಲಿಸಿಕೊಂಡು ಓಡಾಡಿದಂತೆ. ಆಗ ಹೊಳೆದದ್ದೇ ಈ ಉಪಾಯ.

"ವೈಜ್ಞಾನಿಕವಾಗಿ ತೀರ್ಮಾನ ಮಾಡೋಣ," ಅಂದೆ. "ಉಭಯ ನಗರಗಳ ಜೀವನ ಗುಣಮಟ್ಟದ ತುಲನಾತ್ಮಕ ಸಮೀಕ್ಷೆ. ಮೂರು ದಿನ ನಿಮ್ಮೂರಲ್ಲಿ ಇರೋದು. ನೀರು, ಬಸ್ಸು, ಬೀದಿ, ಸದ್ದು, ನೆರೆಹೊರೆ, ಒಂದೊಂದಕ್ಕೂ ಹತ್ತಕ್ಕೆ ಇಷ್ಟು ಅಂತ ಅಂಕ. ಯಾವ ಊರು ಗೆಲ್ಲುತ್ತೋ ಸಾಯೋವರೆಗೂ ಅಲ್ಲೇ. ಆಮೇಲೆ ಯಾರೂ ಉಸಿರೆತ್ತಬಾರದು."

"ಕೊನೇಲಿ ನಾನು ಹಾಗೆ ಹೇಳೇ ಇಲ್ಲ ಅಂತ ನೀವಂದ್ರೆ?"

"ಇಬ್ಬರೂ ಸಹಿ ಹಾಕೋದು."

"ನೀವು ಸುಳ್ಳು ಅಂಕ ಹಾಕಲ್ಲ ಅಂತ ಏನು ಗ್ಯಾರಂಟಿ?"

"ನಾನು ಸರ್ಕಾರಿ ನೌಕರ ಕಣೇ."

"ಅದಕ್ಕೇ ಕೇಳಿದ್ದು."

ಶುಕ್ರವಾರ ಬೆಳಿಗ್ಗೆ ಹೊರಟೆವು. ಸೇತುವೆಯ ನಡುವೆ ಬಸ್ಸಿನ ಕುಲುಕಾಟ ಇದ್ದಕ್ಕಿದ್ದಂತೆ ನಿಂತಿತು. ಎಂಜಿನ್ನಿನ ಸದ್ದೂ ಕೇಳಲಿಲ್ಲ. ಬಸ್ಸು ಮಾತ್ರ ಓಡುತ್ತಲೇ ಇತ್ತು. ನನ್ನವಳು ಕಣ್ಣು ಮುಚ್ಚಿ, "ಬಂತು ನಮ್ಮೂರು," ಅಂದಳು.

ಬೀದಿಯಲ್ಲಿ ಒಂದು ಕಸದ ಚೂರಿಲ್ಲ. ಮಕ್ಕಳು ಆಡುತ್ತಿದ್ದರು, ಚೆಂಡು ಪುಟಿಯುತ್ತಿತ್ತು, ಸದ್ದೇ ಬರುತ್ತಿರಲಿಲ್ಲ. ನಾಯಿಯೊಂದು ನನ್ನನ್ನು ನೋಡಿ ಬಾಯಿ ತೆರೆಯಿತು, ಏನೋ ನೆನಪಾದಂತೆ ಮುಚ್ಚಿಕೊಂಡು ಬಾಲ ಆಡಿಸಿತು. ಕಿಟಕಿಗೊಬ್ಬರಂತೆ ನಿಂತು ನಗುತ್ತಿದ್ದರು. ನಾನು ಕೈ ಬೀಸಿದ ಮೇಲೂ ನಗುತ್ತಿದ್ದರು, ಬೀದಿಯ ಕೊನೆಗೆ ಹೋಗಿ ತಿರುಗಿ ನೋಡಿದಾಗಲೂ ನಗುತ್ತಿದ್ದರು. ನೆರೆಹೊರೆಯ ಸಾಲಿನಲ್ಲಿ ನಾಲ್ಕು ಅಂಕ ಬರೆದು, ಪಕ್ಕದಲ್ಲಿ "ಅತಿಯಾಯಿತು" ಎಂದು ಷರಾ ಹಾಕಿದೆ.

ಮಹಡಿಯ ಬಾಗಿಲ ಹೊರಗೆ ಒಂದು ಜೊತೆ ಚಪ್ಪಲಿ ಇತ್ತು. ಎಡಗಾಲಿನ ಹಿಮ್ಮಡಿ ಸವೆದಿತ್ತು. ನನ್ನ ಚಪ್ಪಲಿಯೂ ಅಲ್ಲೇ ಸವೆಯುವುದು. ಸುಮ್ಮನೆ ಕಾಲು ತೂರಿಸಿ ನೋಡಿದೆ. ಸರಿಯಾಗಿ ಕೂತಿತು. ಇನ್ನೂ ಬೆಚ್ಚಗಿತ್ತು.

"ಯಾರದಯ್ಯ ಇದು? ಮಹಡಿ ಖಾಲಿ ಅಂದಿದ್ದೆಯಲ್ಲ," ಎಂದು ಭಾವಮೈದನನ್ನು ಕೇಳಿದೆ.

"ಖಾಲಿನೇ ಭಾವ. ನೀವೊಬ್ಬರೇ ತಾನೇ ಇರೋದು," ಎಂದು ಅವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೆಳಗೆ ಹೋದ.

ಅವನ ಮಾತು ಮೊದಲಿನಿಂದಲೂ ಅಷ್ಟೇ, ತಲೆಬುಡ ಇರುವುದಿಲ್ಲ. ಆದರೆ ಒಳಗೆ ಮೇಜಿನ ಮೇಲೆ ಆ ದಿನದ ಪತ್ರಿಕೆ ಇತ್ತು. ಪದಬಂಧವನ್ನು ಯಾರೋ ಪೂರ್ತಿ ತುಂಬಿದ್ದರು. ಅಕ್ಷರ ನನ್ನದು. ನಾನು ಜನ್ಮದಲ್ಲಿ ಒಂದು ಪದಬಂಧವನ್ನೂ ಪೂರ್ತಿ ಮಾಡಿದವನಲ್ಲ.

ಸಂಜೆ ಎದುರಂಗಡಿಗೆ ಸೋಪಿಗೆಂದು ಹೋದೆ. "ಬೆಳಿಗ್ಗೆ ತಾನೇ ತಗೊಂಡು ಹೋದ್ರಲ್ಲ ಸಾರ್," ಅಂದ ಅಂಗಡಿಯವನು. ಪಕ್ಕದ ಕ್ಷೌರಿಕ ಹೊರಗೆ ಬಂದು ನನ್ನ ಕತ್ತಿನ ಹಿಂದೆ ಬೆರಳಾಡಿಸಿದ. ಅವನ ಮುಖ ಬಿಳಿಚಿಕೊಂಡಿತು.

"ಮೊನ್ನೆ ಕತ್ತರಿಸಿದ್ದೆ. ಎರಡು ದಿನಕ್ಕೆ ಇಷ್ಟು ಬೆಳೀತಾ?"

"ನಾನು ಈ ಊರಿಗೆ ಬಂದಿದ್ದೇ ಇವತ್ತು."

"ತಮಾಷೆ ಮಾಡೋದು ಯಾವಾಗಿಂದ ಕಲಿತ್ರಿ," ಎಂದು ಅವನು ನಕ್ಕ. ಅವನ ಹಿಂದೆ ಅಂಗಡಿಯ ಕನ್ನಡಿಯಲ್ಲಿ ನಾನು ಮಾತ್ರ ನಗುತ್ತಿರಲಿಲ್ಲ.

ಇದನ್ನೆಲ್ಲ ಹೆಂಡತಿಗೆ ಹೇಳಿ ಕೂಡಲೇ ಬಸ್ಸು ಹತ್ತಿಸಬೇಕೆಂದು ಮಹಡಿ ಏರಿದೆ. ಅವಳು ಬಾಗಿಲಲ್ಲೇ ನಿಂತಿದ್ದಳು. ಅಂಥ ನಗುಮುಖ ನೋಡಿ ಹನ್ನೆರಡು ವರ್ಷವಾಗಿತ್ತು.

"ಬಟ್ಟೆಯೆಲ್ಲ ಒಗೆದು ಒಣಗಹಾಕಿದ್ರಲ್ಲ. ನೀವೇನಾ ಮಾಡಿದ್ದು?"

ಓದುಗರೇ, ನನ್ನ ಜಾಗದಲ್ಲಿ ನೀವಿದ್ದರೆ ಏನು ಹೇಳುತ್ತಿದ್ದಿರಿ? ಆ ಬಟ್ಟೆಯನ್ನು ನಾನು ಮುಟ್ಟಿಯೂ ಇರಲಿಲ್ಲ. ಆದರೆ ಹೊಗಳಿಕೆ ಮನೆ ಬಾಗಿಲಿಗೆ ಬಂದಾಗ ವಿಳಾಸ ತಪ್ಪಿದೆ ಎಂದು ವಾಪಸು ಕಳಿಸುವಷ್ಟು ದೊಡ್ಡ ಮನುಷ್ಯ ನಾನಲ್ಲ.

"ಅದರಲ್ಲೇನು ಮಹಾ," ಅಂದೆ.

ಅವಳು ನನ್ನನ್ನು ಒಂದು ಗಳಿಗೆ ದಿಟ್ಟಿಸಿ ನೋಡಿದಳು.

ಶನಿವಾರ ನಾನು ಬಸ್ ನಿಲ್ದಾಣದಲ್ಲಿ ಕೂತು ಬಸ್ಸುಗಳ ವೇಳೆ ಬರೆದುಕೊಂಡೆ. (ಒಂದೂ ತಡವಾಗಲಿಲ್ಲ. ಹೊಟ್ಟೆ ಉರಿದು ಆರು ಅಂಕ ಹಾಕಿದೆ.) ಮಧ್ಯಾಹ್ನ ಬಂದರೆ ಹೆಂಡತಿ, "ಎರಡು ಗಂಟೆ ಹೊತ್ತು ನಾನು ಹೇಳಿದ್ದನ್ನೆಲ್ಲ ಕೇಳ್ತಾ ಕೂತಿದ್ರಲ್ಲ, ನಡುವೆ ಒಂದು ಸಲನೂ ಬಾಯಿ ಹಾಕದೆ. ಮನಸ್ಸು ಹಗುರಾಯ್ತು," ಅಂದಳು. ಏನು ಕೇಳಿಸಿಕೊಂಡೆನೋ, ಯಾವುದಕ್ಕೆ ಹೂಂಗುಟ್ಟಿದೆನೋ ದೇವರಿಗೇ ಗೊತ್ತು.

"ಹೂಂ, ನೀನು ಹೇಳಿದ್ದೂ ನಿಜವೇ," ಅಂದೆ. ನೆನ್ನೆ ಒಪ್ಪಿಕೊಂಡವನು ಇವತ್ತು ಯಾವ ಮುಖದಿಂದ ಇಲ್ಲವೆನ್ನಲಿ?

ಭಾನುವಾರ ಹಗಲು ಹನ್ನೊಂದಕ್ಕೆ ಅವನನ್ನು ಕಂಡೆ. ಅಂಕ ಹಾಕಲೆಂದು ಬೀದಿಗಳನ್ನೆಲ್ಲ ಸುತ್ತಿ ಬರುತ್ತ ತಲೆಯೆತ್ತಿ ನೋಡಿದರೆ, ಮಹಡಿಯ ಬಾಲ್ಕನಿಯಲ್ಲಿ ನಾನು ನಿಂತಿದ್ದೆ. ನನ್ನದೇ ಬೋಳಾಗುತ್ತಿರುವ ನೆತ್ತಿ, ನನ್ನದೇ ಗೂನು ಹೆಗಲು. ಒದ್ದೆ ಸೀರೆಯ ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ತುದಿ ನನ್ನ ಹೆಂಡತಿಯ ಕೈಯಲ್ಲಿ. ಇಬ್ಬರೂ ಸೇರಿ ಕೊಡವುತ್ತಿದ್ದರು. ಅವಳು ಏನೋ ಹೇಳಿ ನಕ್ಕಳು. ಅವನು ಕೆಳಗೆ ನೋಡಿ, ನನ್ನ ಗುರುತು ಹಿಡಿದು, ಸೌಜನ್ಯದಿಂದ ತಲೆಬಾಗಿದ. ಸುತ್ತಲಿನ ಕಿಟಕಿಗಳೆಲ್ಲ ನಗುತ್ತಿದ್ದವು.

ಮೆಟ್ಟಿಲನ್ನು ಹೇಗೆ ಹತ್ತಿದೆನೋ ತಿಳಿಯದು. ಮೇಲೆ ಅವಳೊಬ್ಬಳೇ ಇದ್ದಳು. ಸೀರೆ ಹಗ್ಗದ ಮೇಲಿತ್ತು. ಮೇಜಿನ ಮೇಲೆ ನಮ್ಮ ಅಂಕಪಟ್ಟಿ ಇತ್ತು.

"ಯಾರವನು?" ಅಂದೆ.

"ಮೊದಲು ಇದನ್ನ ಮುಗಿಸೋಣ ರೀ. ನಿಮ್ಮೂರೇ ಗೆದ್ದಿದೆ."

ನನ್ನ ಭಯವೆಲ್ಲ ಹಾರಿಹೋಯಿತು. "ಏನಂದೆ?"

"ನಿಜವಾಗ್ಲೂ. ಈ ಊರು ಇಷ್ಟು ಸಪ್ಪೆ ಅನ್ನೋದೇ ಮರೆತುಹೋಗಿತ್ತು. ಒಂದು ಜಗಳ ಇಲ್ಲ, ಒಂದು ಕೂಗಾಟ ಇಲ್ಲ, ನೀರಿಗೆ ಕಾಯೋ ನೆಪದಲ್ಲಿ ನಾಲ್ಕು ಮಾತಿಲ್ಲ. ಸದ್ದಿನ ಸಾಲಲ್ಲಿ ನಿಮ್ಮೂರಿಗೆ ಹತ್ತಕ್ಕೆ ಹತ್ತು ಹಾಕಿದೀನಿ. ಕರಾರು ಮುಂದುವರಿಸೋಣ. ಸಹಿ ಹಾಕಿ."

ಹತ್ತೊಂಬತ್ತು ವರ್ಷಗಳ ಮಹಾಯುದ್ಧದಲ್ಲಿ ನನಗೆ ಸಿಕ್ಕಿದ ಮೊದಲ ವಿಜಯ. ಹಾಳೆಯ ಕೆಳಗೆ ಪೆನ್ಸಿಲಿನಲ್ಲಿ ಸಣ್ಣ ಗುಣಾಕಾರದ ಗುರುತಿತ್ತು. ನಮ್ಮ ಕಚೇರಿಯಲ್ಲಿ ಆ ಗುರುತು ಕಂಡಲ್ಲಿ ಸಹಿ ಹಾಕುವುದೇ ಹೊರತು ಮೇಲೆ ಏನಿದೆ ಎಂದು ಓದುವ ಸಂಪ್ರದಾಯವಿಲ್ಲ. ಹಾಕಿದೆ. ಉದ್ದಕ್ಕೆ ಗೆರೆ ಎಳೆದು, ಕೆಳಗೆ ಎರಡು ಚುಕ್ಕೆಯನ್ನೂ ಇಟ್ಟೆ.

ಆಮೇಲೆ ಓದಿದೆ. ಐದು ಸಾಲಿನ ಕೆಳಗೆ ಅವಳ ಕೈಬರಹದಲ್ಲಿ ಆರನೆಯದೊಂದಿತ್ತು. "ಗಂಡ. ಅಲ್ಲಿ: ಮೂರು. ಇಲ್ಲಿ: ಒಂಬತ್ತು." ಅದರ ಕೆಳಗೆ ತೀರ್ಮಾನ: "ಊರು ಅಲ್ಲಿಯದು, ಗಂಡ ಇಲ್ಲಿಯವರು. ಉಭಯತ್ರರ ಒಪ್ಪಿಗೆಯಿದೆ."

"ಏನೇ ಇದು?"

"ಶುಕ್ರವಾರವೇ ಗೊತ್ತಾಯ್ತು ನನಗೆ, ನೀವು ಇಬ್ಬರಿದೀರಿ ಅಂತ. ಬಟ್ಟೆ ಒಗೆದದ್ದು ನೀವಲ್ಲ ಅಂತ ಒಂದು ಮಾತು ಹೇಳ್ತೀರೇನೋ ಅಂತ ಕಾದೆ. ನಿನ್ನೆನೂ ಕಾದೆ." ಅವಳ ಕಣ್ಣಲ್ಲಿ ನೀರಿತ್ತು. ಕೋಪವಿದ್ದರೆ ಎಷ್ಟೋ ವಾಸಿಯಿತ್ತು. "ಹೋಗ್ಲಿ ಬಿಡಿ. ಮೂರು ಕಮ್ಮಿ ಏನಲ್ಲ, ಒಂದು ನೀವು ದುಡಿದದ್ದಕ್ಕೆ, ಎರಡು ಅಭ್ಯಾಸಕ್ಕೆ."

ಒಳಕೋಣೆಯಿಂದ ಅವನು ನಮ್ಮ ಎರಡೂ ಚೀಲ ಹಿಡಿದು ಬಂದ. ನನ್ನ ಪಕ್ಕದಲ್ಲಿ ಹಾದುಹೋಗುವಾಗ, "ಕ್ಷಮಿಸಿ," ಅಂದ. ನಾನು ಜೀವನದಲ್ಲಿ ಆ ಪದವನ್ನು ಅಷ್ಟು ಚೆನ್ನಾಗಿ ಹೇಳಿದವನಲ್ಲ. ಅವಳು ಅವನ ಹಿಂದೆಯೇ ಮೆಟ್ಟಿಲಿಳಿದಳು. ನಾನೂ ಕೆಳಗೆ ಓಡಿದೆ. ನಮ್ಮೂರಾಗಿದ್ದರೆ ಬಸ್ಸು ಹೊರಡುವಷ್ಟರಲ್ಲಿ ಕಾಲು ಹಿಡಿದು, ಅತ್ತು, ರಾಜಿ ಮಾಡಿಕೊಂಡು ಮುಗಿಯುತ್ತಿತ್ತು. ಇಲ್ಲಿ ಹನ್ನೆರಡಕ್ಕೆ ಅಂದರೆ ಹನ್ನೆರಡಕ್ಕೆ ಹೊರಟೇಹೋಯಿತು. ಮುಂದಿನ ಬಸ್ಸಿನ ಕಂಡಕ್ಟರ್ ನನ್ನನ್ನು ಮೆಟ್ಟಿಲ ಮೇಲೇ ತಡೆದು, "ನೀವು ಆಗಲೇ ಹೋದ್ರಲ್ಲ ಸಾರ್," ಅಂದ. ಮಾರನೆಯ ದಿನ ಇಲ್ಲಿನ ನಗರ ಕಚೇರಿಗೆ ಹೋಗಿ ದೂರು ಕೊಡಲು ನೋಡಿದೆ. ಕಿಟಕಿಯ ಆಚೆಗಿದ್ದವನು ಹಾಳೆ ನೋಡಿ, ಸಹಿ ಆದ ಮೇಲೆ ಏನೂ ಮಾಡಲು ಬರುವುದಿಲ್ಲ ಅಂದ. ಸಾವಿರಾರು ಜನರಿಗೆ ನಾನೇ ಹೇಳಿ ಕಳಿಸಿದ ಮಾತು. ಏನೆಂದು ಜಗಳವಾಡಲಿ?

ಮೂರು ವಾರವಾಯಿತು. ಆ ಚಪ್ಪಲಿ ಈಗ ನಾನೇ ಮೆಟ್ಟುತ್ತೇನೆ. ಬೆಳಿಗ್ಗೆ ಎದ್ದು ಬಟ್ಟೆ ಒಗೆಯುತ್ತೇನೆ, ಪದಬಂಧ ತಾನಾಗಿ ತುಂಬಿಕೊಳ್ಳುತ್ತದೆ, ಭಾವಮೈದ ಹೇಳುವುದನ್ನು ನಡುವೆ ಬಾಯಿ ಹಾಕದೆ ಕೇಳುತ್ತೇನೆ. ನೆನ್ನೆ ಬಸ್ಸಿಳಿದು ಬಂದ ಹೊಸ ಗಂಡಹೆಂಡಿರನ್ನು ನೋಡುತ್ತ ಬಹಳ ಹೊತ್ತು ಕಿಟಕಿಯಲ್ಲಿ ನಿಂತಿದ್ದೆನಂತೆ. ನನಗೆ ನೆನಪಿಲ್ಲ. ಕೆನ್ನೆ ಮಾತ್ರ ನೋಯುತ್ತಿತ್ತು.

ಇವತ್ತು ಮಧ್ಯಾಹ್ನ ಅವಳ ಫೋನ್ ಬಂತು.

"ಹೇಗಿದೀರಿ?"

ಅಳಬೇಕೆಂದುಕೊಂಡೆ, ಬೈಯಬೇಕೆಂದುಕೊಂಡೆ, ಕರೆದುಕೊಂಡು ಹೋಗೇ ಎಂದು ಗೋಗರೆಯಬೇಕೆಂದುಕೊಂಡೆ. "ಚೆನ್ನಾಗಿದೀನಿ. ನೀನು ಊಟ ಮಾಡಿದೆಯಾ?" ಎಂಬ ಮಾತು ಬಾಯಿಂದ ಬಂತು.

ಅವಳ ಹಿಂದಿನಿಂದ ಯಾರೋ ಗಂಡಸು ಅರಚುವುದು ಕೇಳಿಸಿತು. ನಲ್ಲಿ ನಿಂತಿದೆಯಂತೆ, ಕಾಫಿ ತಣ್ಣಗಿದೆಯಂತೆ, ಇದೂ ಒಂದು ಮನೆಯಂತೆ. ದನಿ ನನ್ನದೇ.

"ಇರಿ, ಮತ್ತೆ ಶುರುವಾಯ್ತು," ಎಂದು ಅವಳು ನಿಟ್ಟುಸಿರಿಟ್ಟು ಫೋನ್ ಇಟ್ಟಳು.

ಎಂಥ ಕರ್ಕಶ ಮನುಷ್ಯನಪ್ಪ, ಪಾಪ, ಹತ್ತೊಂಬತ್ತು ವರ್ಷ ಇವಳು ಅದನ್ನು ಹೇಗೆ ಸಹಿಸಿಕೊಂಡಳೋ ಅನ್ನಿಸಿತು.