ಮಾವ ಶಂಕರಪುರಕ್ಕೆ ತಿರುಗಿಸಿದ ನದಿ

...ಅಥವಾ ಅದು ಗೇಟಲ್ಲ, ಗೇಟಿನ ಪಕ್ಕದ ದಾಸವಾಳದ ಗಿಡವೇ ಇದ್ದೀತು. ಮೊದಲ ದಿನ ಮಾವ ಎಲ್ಲಿ ನಿಂತು ಭಾಷಣ ಶುರುಮಾಡಿದರು ಎಂಬುದಕ್ಕೆ ನನ್ನ ನೆನಪು ಒಂದು ಹೇಳುತ್ತದೆ, ನನ್ನ ಹೆಂಡತಿಯ ನೆನಪು ಇನ್ನೊಂದು ಹೇಳುತ್ತದೆ. ಇಂಥ ವ್ಯಾಜ್ಯಗಳಲ್ಲಿ ಯಾರ ನೆನಪು ಗೆಲ್ಲುತ್ತದೆಂದು ಮದುವೆಯಾದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಒಂದು ವಿಷಯದಲ್ಲಿ ನಮ್ಮಿಬ್ಬರಿಗೂ ಒಮ್ಮತವಿದೆ. ರಾಜರು ಕೆರೆ ಕಟ್ಟಿಸಿದರು, ದಿವಾನರು ಅಣೆಕಟ್ಟು ಕಟ್ಟಿಸಿದರು. ನಮ್ಮ ಮಾವ ಮಾತ್ರ ಒಂದಿಡೀ ನದಿಯ ದಾರಿ ತಪ್ಪಿಸಿ ಅದನ್ನು ತಮ್ಮ ಮನೆಯ ಮುಂದೆ ಹರಿಸಿದರು. ಅದೂ ಶಂಕರಪುರದಲ್ಲಿ! ಅದೂ ಏರಿನಲ್ಲಿ!

ಮಾವ ಎಂದರೆ ನನ್ನ ಸೋದರತ್ತೆಯ ಗಂಡ. ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿ ಸೇರಿ, ಅದೇ ಕುರ್ಚಿಯಲ್ಲಿ ಕೂತು ಕೂತು ಒಂದು ದಿನ ಸೂಪರಿಂಟೆಂಡೆಂಟ್ ಆಗಿ ಎದ್ದುಬಂದವರು. ಹುಟ್ಟಿದ್ದು ಬಸವನಗುಡಿ, ಬೆಳೆದದ್ದು ಬಸವನಗುಡಿ, ಮದುವೆಯಾದ ಮೇಲೆ ದೇಶಾಂತರ ಹೋದದ್ದು ಪಕ್ಕದ ಶಂಕರಪುರಕ್ಕೆ. ಬೆಂಗಳೂರಿಗೆ ನದಿಯಿಲ್ಲ ಎಂದು ಅವರ ಮುಂದೆ ಯಾರಾದರೂ ಅಂದರೆ ಮುಗಿಯಿತು.

"ನದಿ ಇಲ್ವಾ? ನಾವಿರೋದೇ ನದೀತೀರದ ಊರಲ್ಲಿ ಕಣೋ! ತೀರ ಕಾಣುತ್ತೆ, ನದಿ ಕಾಣಲ್ಲ, ಅಷ್ಟೇ."

ಅವರು ಹೇಳುವುದು ಸುಳ್ಳಲ್ಲ. ವೃಷಭಾವತಿ ಈಗ ಮೋರಿಯಾಗಿದ್ದರೂ ಹುಟ್ಟಿನಿಂದ ನದಿಯೇ. ದೊಡ್ಡ ಬಸವಣ್ಣನ ಪಾದದಲ್ಲಿ ಅದು ಹುಟ್ಟುತ್ತದೆಂದು ಬಸವನಗುಡಿಯವರು ನಂಬುತ್ತಾರೆ. ತೊಂದರೆ ಏನೆಂದರೆ, ನಮ್ಮ ಅತ್ತೆ ಮಲ್ಲೇಶ್ವರದವರು. ಅಲ್ಲೂ ಒಬ್ಬ ನಂದಿಯಿದ್ದಾನೆ, ಅವನ ಬಾಯಿಂದಲೂ ನೀರು ಬರುತ್ತದೆ, ಮಲ್ಲೇಶ್ವರದವರ ಪ್ರಕಾರ ವೃಷಭಾವತಿ ಎಂದರೆ ಅದೇ. ಹೀಗೆ ಒಂದೇ ನದಿಯನ್ನು ವರನ ಕಡೆಯವರೂ ವಧುವಿನ ಕಡೆಯವರೂ ತಮ್ಮದೆನ್ನುವ ದಾಂಪತ್ಯ ಪ್ರಪಂಚದಲ್ಲಿ ಇನ್ನೊಂದಿರಲಾರದು. ಜಾತಕ ನೋಡಿದ ಜೋಯಿಸರಿಗೆ ಇದು ಹೊಳೆಯಲಿಲ್ಲವೇ?

"ನಿಮ್ಮ ಬಸವಣ್ಣನ ಕಾಲಲ್ಲಿ ಬರೋದು ನೀರಲ್ಲಾರೀ, ಬೆವರು. ಅಷ್ಟು ದೊಡ್ಡ ಮೈ ಹೊತ್ಕೊಂಡಿದಾನಲ್ಲ, ಪಾಪ!" ಎಂದು ಅತ್ತೆ.

"ನಿಮ್ಮ ನಂದಿ ಬಾಯಲ್ಲಿ ಬರೋದು ಜೊಲ್ಲು ಕಣೇ!" ಎಂದು ಮಾವ.

ಬೆಳಗಿನ ಕಾಫಿಗೆ ಡಿಕಾಕ್ಷನ್ ಎಷ್ಟು ಮುಖ್ಯವೋ ಆ ಮನೆಗೆ ಈ ಜಗಳ ಅಷ್ಟು ಮುಖ್ಯ. ಅತ್ತೆ ಹೈಸ್ಕೂಲಿನಲ್ಲಿ ಸಮಾಜವಿಜ್ಞಾನದ ಮೇಡಂ ಆಗಿದ್ದವರು. ತಪ್ಪು ಕಂಡರೆ ತಿದ್ದದೆ ಬಿಡುವವರಲ್ಲ. ಮದುವೆಮನೆಗೆ ಹೋದರೆ ಪುರೋಹಿತರನ್ನು ತಿದ್ದುತ್ತಿದ್ದರು, ಬಸ್ಸಿನಲ್ಲಿ ಕಂಡಕ್ಟರನ್ನು ತಿದ್ದುತ್ತಿದ್ದರು, ಉಳಿದ ಸಮಯವೆಲ್ಲ ಮಾವನಿಗೇ ಮೀಸಲು.

ಆಮೇಲೆ ಅತ್ತೆ ಬಿದ್ದರು. ಗಾಂಧಿ ಬಜಾರಿಗೆ ಹೂ ತರಲು ಹೋದವರು, ಅಗೆದು ಅರ್ಧಕ್ಕೆ ಬಿಟ್ಟಿದ್ದ ಫುಟ್‌ಪಾತಿನ ಚಪ್ಪಡಿ ಎಡವಿ ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು, ಮೂಳೆ ಕೂಡಿತು. "ಇನ್ನು ನಡೀಬೇಕಮ್ಮ, ನಡೀದಿದ್ರೆ ಹಾಗೇ ಕೂತ್ಬಿಡ್ತೀರಿ" ಎಂದರು ಡಾಕ್ಟರು. ಅತ್ತೆ ವಿಧೇಯ ವಿದ್ಯಾರ್ಥಿನಿಯ ಹಾಗೆ ತಲೆಯಾಡಿಸಿದರು. ಮನೆಯೊಳಗೆ ಗೋಡೆ ಹಿಡಿದು ನಡೆದರು. ಆದರೆ ಮುಂಬಾಗಿಲ ಮೆಟ್ಟಿಲು ಮಾತ್ರ ಇಳಿಯಲಿಲ್ಲ. "ನಾಳೆ" ಎನ್ನುತ್ತಿದ್ದರು. ವರಾಂಡದ ಗ್ರಿಲ್ಲಿನ ಹಿಂದೆ ಒಂದು ಬೆತ್ತದ ಕುರ್ಚಿ, ಅದರಲ್ಲಿ ಅತ್ತೆ, ಆಚೆ ಬೀದಿ. ಹೆದರಿಕೆ ಅಂತ ಅವರು ಹೇಳಲಿಲ್ಲ.

ಅದಕ್ಕಿಂತ ಕೆಟ್ಟದ್ದೆಂದರೆ ಅವರು ತಿದ್ದುವುದನ್ನೇ ಬಿಟ್ಟದ್ದು. ಮಾವ ನನ್ನೆದುರಿಗೇ ಒಮ್ಮೆ, "ಈ ವರ್ಷ ಯುಗಾದಿ ದೀಪಾವಳಿ ಆದ್ಮೇಲೆ ಬರುತ್ತಂತೆ ಕಣೇ" ಎಂದು ನೋಡಿದರು. ಅತ್ತೆ "ಹೂಂ" ಎಂದರು. ಅಷ್ಟೇ! ಮಾವ ಎದ್ದು ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ತಿರುಗಿಸಿ ನಿಂತರು. ಬೈಸಿಕೊಳ್ಳದೆ ಮನುಷ್ಯ ಸೊರಗುತ್ತಾನೆಂದು ನಾನು ತಿಳಿದದ್ದು ಆಗ.

ಮಾವನ ನಡಿಗೆ ಶುರುವಾದದ್ದು ಇದಾದ ಮೇಲೆಯೇ, ಅಥವಾ ಮೊದಲೇ ಶುರುವಾಗಿತ್ತೇ? ಇದಾದ ಮೇಲೆ ಎಂದರೆ ಕಥೆ ಚೆನ್ನಾಗಿ ಕೂಡುತ್ತದೆ. ಅದಕ್ಕೇ ನನಗೆ ಅನುಮಾನ. ಹೇಗೂ ಇರಲಿ, ಮಾವ ಭಾನುವಾರ ಬೆಳಿಗ್ಗೆ ಆಸಕ್ತರನ್ನು ಕರೆದುಕೊಂಡು 'ನದಿ ನಡಿಗೆ' ಹೊರಡತೊಡಗಿದರು. ಪುಕ್ಕಟೆ. ಬಸವಣ್ಣನ ಗುಡಿಯಲ್ಲಿ ಕೈಮುಗಿದು, ನದಿ ಹರಿದ ದಾರಿಯಲ್ಲೇ ಇಳಿಯುತ್ತ ಗವಿಪುರ ದಾಟಿ ಕೆಂಪಾಂಬುಧಿ ಕೆರೆಯವರೆಗೆ ಹೋಗುವುದು. ಟೋಪಿ, ಹೊಸ ಶೂ ಹಾಕಿ ನೀರಿನ ಬಾಟಲಿ ಹಿಡಿದ ಜನ ಬರುತ್ತಿದ್ದರು. ಮಾವ ಮಾತ್ರ ಕಚೇರಿಯ ಕಾಲದ ಪ್ಯಾಂಟು, ಹವಾಯಿ ಚಪ್ಪಲಿ, ಕೈಯಲ್ಲಿ ಮಡಿಚಿದ ಛತ್ರಿ.

ಅವರ ವಿಧಾನವೇ ಬೇರೆ. ದಾರಿಯಲ್ಲಿ ಮ್ಯಾನ್‌ಹೋಲ್ ಕಂಡರೆ ಎಲ್ಲರನ್ನೂ ಸುತ್ತ ನಿಲ್ಲಿಸಿ, "ಶ್! ಕೇಳಿಸ್ಕೊಳ್ಳಿ" ಎಂದು ತಾವೇ ಮಂಡಿಯೂರಿ ಮುಚ್ಚಳಕ್ಕೆ ಕಿವಿ ಕೊಡುವರು. ಒಮ್ಮೆ ಹೀಗೆ ನಾವೆಲ್ಲ ನಡುರಸ್ತೆಯಲ್ಲಿ ಬಗ್ಗಿ ನಿಂತಿದ್ದಾಗ ಆಟೋದವನೊಬ್ಬ ಬ್ರೇಕ್ ಹಾಕಿದ.

"ಏನ್ ಗುರು, ಯಾರಾದ್ರೂ ಬಿದ್ದೋದ್ರಾ?"

"ನದಿ ಕಣಪ್ಪಾ, ನದಿ! ಹರೀತಿರೋದು ಕೇಳಿಸ್ತಿದೆ" ಎಂದರು ಮಾವ ತಲೆಯೆತ್ತದೆ.

"ಸಾರ್, ಅದು ಮೇಲ್ಗಡೆ ಅಪಾರ್ಟ್‌ಮೆಂಟ್‌ನೋರು ಸ್ನಾನ ಮಾಡ್ತಿರೋದು!"

ಜನ ಬಿದ್ದು ಬಿದ್ದು ನಕ್ಕರು. ಮಾವ ಮಂಡಿಯ ಧೂಳು ಕೊಡವಿಕೊಂಡು, "ಗಂಗೇಲೂ ಜನ ಸ್ನಾನಾನೇ ಮಾಡ್ತಾರಲ್ವೇನಯ್ಯ?" ಎಂದರು. ಆಟೋದವನು ಕೈಮುಗಿದು ಗಾಡಿ ಬಿಟ್ಟ.

ಇಷ್ಟೇ ಆಗಿದ್ದರೆ ಬೆಂಗಳೂರಿನ ನೂರೆಂಟು ನಡಿಗೆಗಳಲ್ಲಿ ಇದೂ ಒಂದಾಗುತ್ತಿತ್ತು. ಆದರೆ ಒಂದು ಭಾನುವಾರ ಮಾವ ಬಸವಣ್ಣನ ಗುಡಿಯಿಂದ ಹೊರಟವರು ಕೆರೆಯ ಕಡೆ ಇಳಿಯುವ ಬದಲು ಬೆನ್ನು ತಿರುಗಿಸಿ ಗಾಂಧಿ ಬಜಾರು ಹಾಯ್ದು ಶಂಕರಪುರದತ್ತ ನಡೆದರು. ಕೆರೆ ಪಶ್ಚಿಮಕ್ಕಿದೆ, ನಾವು ಹೋಗುತ್ತಿದ್ದದ್ದು ನೇರ ಅದರ ವಿರುದ್ಧ. ಗುಂಪಿನಲ್ಲಿ ಮೊಬೈಲಿನ ಮ್ಯಾಪನ್ನು ದೇವರಂತೆ ನಂಬುವ ಹುಡುಗಿಯೊಬ್ಬಳಿದ್ದಳು.

"ಅಂಕಲ್, ಮ್ಯಾಪಲ್ಲಿ ನದಿ ಆ ಕಡೆ ತೋರಿಸ್ತಿದೆ."

"ಅದು ಈಗಿನ ನದಿ ಕಣಮ್ಮ. ನಾನು ತೋರಿಸ್ತಿರೋದು ಮೊದಲಿನದ್ದು."

"ಆದ್ರೆ ಇದು ಏರು ಅಲ್ವಾ? ನೀರು ಏರ್ ಹತ್ತುತ್ತಾ?"

"ಮನಸ್ಸಿದ್ರೆ ಹತ್ತುತ್ತೆ" ಎಂದುಬಿಟ್ಟರು ಮಾವ! ಭೂಗೋಳದ ಬಾಯಿ ಮುಚ್ಚಿಸಲು ಇದಕ್ಕಿಂತ ಬೇರೆ ಏನು ಬೇಕು?

ಹೀಗೆ ನದಿ ಮಾವನ ಮನೆಯ ಮುಂದೆ ಬಂದು ನಿಂತಿತು. ಗೇಟಿನ ಬಳಿ (ಅಥವಾ ದಾಸವಾಳದ ಬಳಿ, ನನ್ನ ಹೆಂಡತಿಗೆ ಜಯವಾಗಲಿ) ಮಾವ ಛತ್ರಿ ಎತ್ತಿ, ಅಗತ್ಯಕ್ಕಿಂತ ದೊಡ್ಡ ದನಿಯಲ್ಲಿ ಘೋಷಿಸಿದರು: "ನಾವೀಗ ನೋಡಲಿರುವ ಕೆಂಪಾಂಬುಧಿ ಕೆರೇನ ಕಟ್ಟಿಸಿದ್ದು ಬ್ರಿಟಿಷರು!"

ಗ್ರಿಲ್ಲಿನ ಹಿಂದೆ ಬೆತ್ತದ ಕುರ್ಚಿ ಕಿರ್ರೆಂದಿತು. ಅಷ್ಟೇ. ಮಾವ ಒಂದು ಗಳಿಗೆ ಕಾದರು. ಆಮೇಲೆ "ಅದಕ್ಕೇ ಆ ಹೆಸರು. ಬ್ರಿಟಿಷರು ಕೆಂಪಗಿದ್ರಲ್ಲ!" ಎಂದು ಸೇರಿಸಿದರು.

"ಥೂ! ಸುಳ್ಳು!"

ಒಳಗಿನಿಂದ ಬಂದ ಆ ದನಿಗೆ ಇಡೀ ಗುಂಪು ಬೆಚ್ಚಿತು. "ಕೆಂಪೇಗೌಡ ಕಟ್ಟಿಸಿದ್ದು ಕಣ್ರೀ! ನಿಮಗೆ ಪಾಸ್ ಮಾರ್ಕ್ಸ್ ಕೊಟ್ಟ ಮೇಷ್ಟ್ರು ಯಾರು?"

ಮಾವ ಪ್ರೇಕ್ಷಕರತ್ತ ತಿರುಗಿ ವಿನಯದಿಂದ, "ಈ ವಿಚಾರದಲ್ಲಿ ಬೇರೆ ಅಭಿಪ್ರಾಯಗಳೂ ಇವೆ" ಎಂದರು.

ಮುಂದಿನ ವಾರಗಳಲ್ಲಿ ಜನ ಹೆಚ್ಚಿದರು. ನದಿ ನೋಡಲು ಅಲ್ಲ, ಅತ್ತೆಯನ್ನು ಕೇಳಲು! ಮಾವನ ಸುಳ್ಳುಗಳೂ ಬಲಿತವು. ತರಗುಪೇಟೆಯಲ್ಲಿ ಮೊದಲು ಒಣಗಿದ ಎಲೆ ಮಾರುತ್ತಿದ್ದರಂತೆ. ("ಎಲೆ ಯಾವನ್ರೀ ಕೊಳ್ತಾನೆ? ದವಸದ ಮಂಡಿ ಅದು!") ಬಸವನಗುಡಿಯಲ್ಲಿ ಜಾಗ ಸಾಲದೆ ಚಾಮರಾಜಪೇಟೆ ಕಟ್ಟಿದರಂತೆ. ("ಚಾಮರಾಜಪೇಟೆ ಅಕ್ಕ, ಬಸವನಗುಡಿ ತಂಗಿ! ಅಕ್ಕನಿಗಿಂತ ಮೊದ್ಲೇ ತಂಗೀನ ತೊಟ್ಟಿಲಿಗೆ ಹಾಕ್ಬೇಡಿ!") ಟೋಪಿ ಧರಿಸಿದವರು ಇದನ್ನೆಲ್ಲ ವಿಡಿಯೋ ಮಾಡಿಕೊಂಡರು.

ಈಗ ನಾನು ಹೇಳಬೇಕಾದ ವಿಷಯವೊಂದಿದೆ. ಮಾವ ನಿಲ್ಲುವ ಜಾಗ ಬದಲಾಗುತ್ತಿತ್ತು. ಗೇಟಿನಿಂದ ಪಕ್ಕದ ಲೈಟುಕಂಬಕ್ಕೆ, ಅಲ್ಲಿಂದ ಎದುರುಮನೆಯ ಹೊಂಗೆಮರದ ನೆರಳಿಗೆ. ಅವರು ದೂರ ಹೋದಷ್ಟೂ ಅತ್ತೆಗೆ ಕೇಳಿಸುವುದು ಕಷ್ಟವಾಯಿತು. ಅತ್ತೆ ಕುರ್ಚಿಯಿಂದೆದ್ದು ಗ್ರಿಲ್ಲಿಗೆ ಬಂದರು. ಗ್ರಿಲ್ಲಿನಿಂದ ಮೆಟ್ಟಿಲಿಗೆ ಇಳಿದರು. ಒಂದು ಭಾನುವಾರ ನೋಡಿದರೆ ಗೇಟಿನ ಚಿಲಕದ ಮೇಲೆ ಅವರ ಕೈಯಿತ್ತು.

ಎಷ್ಟು ಚೆಂದದ ಉಪಾಯ! ಎಷ್ಟು ಚೆಂದವೆಂದರೆ ನನಗೆ ನಂಬುವುದೇ ಕಷ್ಟ. ನನ್ನ ಹೆಂಡತಿ ಹೇಳುವುದು ಬೇರೆಯೇ: ಭಾನುವಾರವೂ ನಿದ್ದೆಗೆಡಿಸುತ್ತೀರೆಂದು ಪಕ್ಕದ ಮನೆಯವರು ಗಲಾಟೆ ಮಾಡಿದ್ದಕ್ಕೆ ಮಾವ ಕಂಬಕ್ಕೆ ಹೋದದ್ದು; ಬಿಸಿಲು ಜಾಸ್ತಿಯಾಗಿ ಮರದಡಿಗೆ ಹೋದದ್ದು. ಇದೂ ನಿಜವೇ. ಪಕ್ಕದ ಮನೆಯವರ ಕೂಗನ್ನು ನಾನೇ ಕೇಳಿದ್ದೇನೆ. ಅಲ್ಲದೆ ಮಾವ ಅದೇ ತರಗುಪೇಟೆಯ ಎಲೆಯ ಕಥೆಯನ್ನು ಅತ್ತೆ ಇಲ್ಲದ ಕಡೆಯೂ, ತರಗುಪೇಟೆಯ ಅಂಗಡಿಯವನಿಗೇ ಹೇಳಿ ಬೈಸಿಕೊಂಡಿದ್ದರು. "ಮಾವ, ಬೇಕಂತ್ಲೇ ತಪ್ಪು ಹೇಳ್ತೀರಾ?" ಎಂದು ಕೇಳಿದ್ದೆ. ಅವರಿಗೆ ನಿಜವಾಗಿ ಕೋಪ ಬಂತು. "ನಾನ್ಯಾವಾಗೋ ತಪ್ಪು ಹೇಳಿದ್ದು?"

ಕೊನೆಗೆ ಆ ಭಾನುವಾರ. ಮಾವ ಮನೆ ದಾಟಿ, ಮರ ದಾಟಿ, ರಸ್ತೆಯ ಮೂಲೆಗೆ ಹೋಗಿ ನಿಂತರು. ಹಿಂದಿನ ವಾರಗಳಲ್ಲೆಲ್ಲ ಕೂಗಿ ಗಂಟಲು ಕಟ್ಟಿತ್ತೋ, ಏನೋ, ಮೆಲುದನಿಯಲ್ಲಿ ಮಾತಾಡುತ್ತಿದ್ದರು. ನಾವೇ ಹತ್ತಿರ ಸರಿದು ಕೇಳಬೇಕಾಯಿತು. ಅತ್ತೆ ಗೇಟಿನಿಂದ, "ರೀ! ಏನಂದ್ರಿ?" ಎಂದರು. ಮಾವ ತಿರುಗಲಿಲ್ಲ. "ಏನ್ ಹೇಳ್ತಿದೀರ ಆ ಮಕ್ಕಳಿಗೆ? ಕೇಳಿಸ್ತಾ ಇಲ್ಲ!" ಮಾವ ಮೆಲ್ಲಗೇ ಮುಂದುವರಿಸಿದರು. ಎಲ್ಲೋ ಒಂದು ತಪ್ಪು ತಮ್ಮ ಕೈತಪ್ಪಿ ಲೋಕಕ್ಕೆ ಹೊರಟುಹೋಗುತ್ತಿದೆ! ಇದನ್ನು ಅತ್ತೆ ಹೇಗೆ ಸಹಿಸಿಯಾರು?

ಚಿಲಕದ ಸದ್ದಾಯಿತು.

ಅತ್ತೆ ಬಚ್ಚಲುಮನೆಯ ಚಪ್ಪಲಿಯಲ್ಲೇ ಬಂದರು. ಫುಟ್‌ಪಾತನ್ನು ನಂಬದೆ ರಸ್ತೆಯ ಅಂಚಿನಲ್ಲಿ, ಕಾಂಪೌಂಡಿಗೊಂದು ಕೈ ತಾಗಿಸಿಕೊಂಡು, ಕಂಬ ಹಿಡಿದು, ಮರ ಹಿಡಿದು, ಕೊನೆಗೆ ಹಿಡಿಯಲು ಏನೂ ಇಲ್ಲದ ಜಾಗವನ್ನೂ ದಾಟಿ ಬಂದರು. ಮಾವ ಆ ಕಡೆ ತಿರುಗಿದ್ದರೂ ಛತ್ರಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸುತ್ತಲೇ ಇದ್ದರು.

"ಏನಂದ್ರಿ? ಇನ್ನೊಂದ್ಸಲ ಹೇಳಿ."

ಮಾವ ತಿರುಗಿದರು. ಮೊದಲು ಅತ್ತೆಯ ಕಾಲು ನೋಡಿದರು, ಆಮೇಲೆ ಮುಖ.

"ನದಿ..." ಎಂದರು. "ನದಿ ಹುಟ್ಟೋದು ಮಲ್ಲೇಶ್ವರದಲ್ಲೇ ಅಂತ ಹೇಳ್ತಿದ್ದೆ."

ಬಸವನಗುಡಿಯ ಮನುಷ್ಯನ ಬಾಯಲ್ಲಿ ಈ ಮಾತು! ನಾನೂ ಮಲ್ಲೇಶ್ವರದವನೇ. ಕುಣಿಯಬೇಕಿತ್ತು. ಆದರೆ ನಾನು ಅತ್ತೆಯತ್ತ ನೋಡಿದೆ. ಅತ್ತೆ ಮಾವನನ್ನೇ ದಿಟ್ಟಿಸಿದರು.

"ಸುಳ್ಳು" ಎಂದರು. "ಎರಡು ಕಡೇನೂ ಹುಟ್ಟುತ್ತೆ. ಮುಂದೆ ಹೋಗಿ ಸೇರುತ್ತೆ. ಮಕ್ಕಳಿಗೆ ಸರಿಯಾಗಿ ಹೇಳ್ರೀ."

ಆಮೇಲಷ್ಟೇ ಅವರಿಗೆ ತಾವು ಎಲ್ಲಿ ನಿಂತಿದ್ದೇವೆಂಬುದು ಅರಿವಾದಂತಿತ್ತು. ಹಿಂದಿರುಗಿ ಗೇಟಿನತ್ತ ನೋಡಿದರು. ಬಂದದ್ದು ಸಿಟ್ಟಿನಲ್ಲಿ, ವಾಪಸು ಹೋಗಲು ಆ ಸಿಟ್ಟು ಉಳಿದಿರಲಿಲ್ಲ. ಅವರ ಮುಖ ಬಿಳಿಚಿತು. ಮಾವ ಛತ್ರಿಯನ್ನು ನನ್ನ ಕೈಗೆ ತುರುಕಿದರು.

"ನೀನು ಇವರನ್ನ ಕರ್ಕೊಂಡು ಕೆರೆ ಕಡೆ ಹೊರಡೋ" ಎಂದರು. "ದಾರಿ ಗೊತ್ತಲ್ಲ?"

ನನಗೆ ಗೊತ್ತಿರಲಿಲ್ಲ. ಗೊತ್ತು ಎಂದೆ. ಮ್ಯಾಪಿನ ಹುಡುಗಿಯನ್ನು ಮುಂದೆ ಬಿಟ್ಟುಕೊಂಡು, ಛತ್ರಿ ಎತ್ತಿ ಹಿಡಿದು, ಗುಂಪನ್ನು ಇನ್ನೊಂದು ರಸ್ತೆಗೆ ತಿರುಗಿಸಿದೆ. ಅಲ್ಲಿಂದ ಮನೆ ಕಾಣುವುದಿಲ್ಲ. ಅವರಿಬ್ಬರೂ ಆ ಮೂಲೆಯಿಂದ ಗೇಟಿನವರೆಗೆ ಹೇಗೆ ನಡೆದರು, ಯಾರು ಯಾರ ಕೈ ಹಿಡಿದರು, ದಾರಿಯಲ್ಲಿ ಏನು ಮಾತಾಡಿಕೊಂಡರು, ನನಗೆ ಗೊತ್ತಿಲ್ಲ.